ಬರವೂ ಭಕ್ತಿಯೂ

“ಸಂಕಟ ಬಂದಾಗ ವೆಂಕಟರಮಣ” ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಇದನ್ನು ಬಹುತೇಕರು ಪರಿಹಾಸ್ಯಕ್ಕಾಗಿ ಆಡುವರು. ಆದರೆ ಇದರೊಳಗೊಂದು ಗಹನವಾದ ಪ್ರಶ್ನೆ ಅಡಗಿದೆ. ಜನಜೀವನ ಕಷ್ಟಕ್ಕೆ ಸಿಲುಕಿದಾಗ, ಆಳುವವರು ಕೈಬಿಟ್ಟಾಗ, ಸಮಾಜವು ದೇವರೆಡೆಗೆ ಮೊದಲಿಗಿಂತ ಹೆಚ್ಚಾಗಿ ತಿರುಗುವುದೇಕೆ? ಹಾಗೆ ಹುಟ್ಟಿದ ಭಕ್ತಿಯನ್ನು ನಾವು ಹೇಗೆ ಕಾಣಬೇಕು?

1972ರ ಬರಗಾಲದಲ್ಲಿ ನಾವಿನ್ನೂ ಮಠದಲ್ಲಿ ಓದುತ್ತಿದ್ದ ಬಾಲಕರು. ಹಗಲೆಲ್ಲ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು, ಕೂಲಿಗಾಗಿ ವಾರಗಟ್ಟಲೆ ಕಾದ ಜನರು ಸಂಜೆ ಪ್ರಸಾದದ ಪಂಕ್ತಿಗೆ ಬಂದು ಕೂಡುತ್ತಿದ್ದರು. ಒಂದು ಸಂಜೆ ಮುದುಕಿಯೊಬ್ಬಳು ನಮ್ಮ ಹಿರಿಯ ಗುರುಗಳ ಪಾದಕ್ಕೆರಗಿ, “ಅಪ್ಪಾರ, ಕಚೇರಿಯಾಗ ನಮ್ಮ ಮಾತು ಕೇಳವರಿಲ್ಲ, ಇಲ್ಲೇ ನೀವಾರೆ ಕೇಳತೀರಿ” ಎಂದಳು. ಗುರುಗಳು ಅವಳನ್ನು ಪ್ರಸಾದಕ್ಕೆ ಕೂರಿಸಿ, “ಮಳಿ ಆದ ಮ್ಯಾಲೂ ಬಾ ತಾಯಿ” ಎಂದಷ್ಟೇ ಹೇಳಿದರು. ಆ ಮಾತಿನ ಅರ್ಥ ನಮಗಂದು ತಿಳಿಯಲಿಲ್ಲ.

ಇತಿಹಾಸವನ್ನು ನೋಡೋಣ. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಘೋರ ಕ್ಷಾಮ ಆವರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಮಳೆ ಬಾರದಿದ್ದುದು ನಿಜ. ಆದರೆ ಸಾವಿಗೆ ಮಳೆಯೊಂದೇ ಹೊಣೆಯಲ್ಲ. ಕ್ಷಾಮದ ನಡುವೆಯೂ ದೇಶದಿಂದ ಧಾನ್ಯ ಹೊರಹೋಗುತ್ತಿತ್ತು. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ನರು ದೆಹಲಿಯಲ್ಲಿ ವೈಭವದ ದರ್ಬಾರು ನಡೆಸಿದರು. ಅದೇ ವರ್ಷ ಮದ್ರಾಸು ಹಾಗೂ ಮುಂಬಯಿ ಪ್ರಾಂತ್ಯಗಳಲ್ಲಿ, ದಿನವಿಡೀ ದುಡಿಯುವ ಆಳಿಗೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಲೆಕ್ಕದಲ್ಲಿ ಕೂಲಿಯನ್ನು ಇಳಿಸಲಾಯಿತು. ಅರಸು ಕಿವುಡಾದಾಗ ಪ್ರಜೆಯ ಮೊರೆ ಬೇರೆ ಯಾರಿಗೆ ಮುಟ್ಟಬೇಕು?

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಔಷಧ ಕಾಣದ ಜನ ‘ಪ್ಲೇಗ್ ಮಾರಮ್ಮ’ನನ್ನು ಪ್ರತಿಷ್ಠಿಸಿದರು. ಹಿಂದೆ ಇಲ್ಲದ ರೋಗಕ್ಕೆ ಹಿಂದೆ ಇಲ್ಲದ ಹೆಸರಿನ ದೇವತೆ! ಸಿಡುಬಿನ ವಿಷಯವೂ ಹೀಗೆಯೇ. ಆದರೆ ಲಸಿಕೆಯ ಕಾರ್ಯ ಮನೆಮನೆಗೆ ಮುಟ್ಟಿ, 1975ರಲ್ಲಿ ಭಾರತದಿಂದ ಸಿಡುಬು ತೊಲಗಿತು. ಮಾರಮ್ಮನ ಜಾತ್ರೆಗಳು ಇಂದಿಗೂ ನಡೆಯುತ್ತಿವೆ. ಆದರೆ ಮಗುವಿನ ಮೈಮೇಲೆ ಸಿಡುಬಿನ ಗುಳ್ಳೆಯೆದ್ದೀತೆಂದು ನಡುಗುತ್ತ ಹರಕೆ ಹೊರುವ ತಾಯಿ ಇಂದಿಲ್ಲ.

ಪಾಶ್ಚಾತ್ಯ ವಿದ್ವಾಂಸರಾದ ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗ್ಲ್‌ಹಾರ್ಟ್ ಅವರು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅನೇಕ ದೇಶಗಳನ್ನು ಹೋಲಿಸಿ ಇದನ್ನೇ ವಿವೇಚಿಸಿದ್ದಾರೆ. ನಾಳಿನ ಅನ್ನ, ಆರೋಗ್ಯ, ಪ್ರಾಣಗಳ ಭರವಸೆಯಿಲ್ಲದ ಕಡೆ ಧರ್ಮಶ್ರದ್ಧೆ ಗಾಢವಾಗಿರುವುದೆಂದೂ, ಆ ಭರವಸೆ ದೊರೆತ ನಾಡುಗಳಲ್ಲಿ ಅದು ಕ್ರಮೇಣ ತೆಳುವಾಗುವುದೆಂದೂ ಅವರ ನಿಲುವು. ಸಿರಿವಂತ ಅಮೆರಿಕದಲ್ಲಿ ಯುರೋಪಿಗಿಂತ ಹೆಚ್ಚು ಧಾರ್ಮಿಕತೆಯಿರುವುದಕ್ಕೂ, ಅಲ್ಲಿನ ಬಡವನಿಗೆ ಸರಕಾರದ ಆಸರೆ ಕಡಿಮೆಯಿರುವುದು ಒಂದು ಕಾರಣವೆನ್ನುತ್ತಾರೆ. 2011ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಭೂಕಂಪವಾದ ಬಳಿಕ, ಅದರ ಪೆಟ್ಟು ತಿಂದವರಲ್ಲಿ ಧರ್ಮದತ್ತ ಒಲವು ಹೆಚ್ಚಿದುದೂ ಅಧ್ಯಯನದಿಂದ ತಿಳಿದುಬಂದಿದೆ.

ಇದಕ್ಕೆ ಕಾರಣಗಳು ಎರಡು. ಒಂದು, ಮನಸ್ಸಿನದು: ತನ್ನ ಬಾಳಿನ ಹಗ್ಗ ತನ್ನ ಕೈಯಲ್ಲಿಲ್ಲವೆಂದು ಅರಿತ ಮನುಷ್ಯ, ಅದು ಯಾರದೋ ಕರುಣೆಯ ಕೈಯಲ್ಲಿದೆಯೆಂದು ನಂಬಿದರೆ ಬದುಕಬಲ್ಲ. ಇನ್ನೊಂದು, ಹೊಟ್ಟೆಯದು: ಸರಕಾರ ಕೊಡದ ಅನ್ನ, ಅಕ್ಷರ, ಆಶ್ರಯಗಳನ್ನು ಧರ್ಮಸಂಸ್ಥೆಗಳು ಕೊಡುತ್ತವೆ. ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಓದಿ ಮುಂದೆ ಬಂದ ಬಡಮಕ್ಕಳು ಎಷ್ಟೋ ಜನ. ಕೊಟ್ಟ ಕೈಯನ್ನು ಜನ ಮರೆಯುವುದಿಲ್ಲ.

ಆದರೆ ಇಲ್ಲಿಯೇ ಎಚ್ಚರವೂ ಬೇಕು. ಬರವು ಕರ್ಮಫಲವೆಂದು ಜನ ನಂಬಿದಷ್ಟೂ ಕಾಲುವೆ ತೋಡದ ಅಧಿಕಾರಿಗೆ ನೆಮ್ಮದಿ. ಜನರ ಸಂಕಟದಿಂದ ಮಠದ ಪಂಕ್ತಿ ಬೆಳೆದುದನ್ನು ಕಂಡು ಮಠದವರು ಹಿಗ್ಗಿದರೆ ಅದು ಧರ್ಮವಲ್ಲ. ಭಯದಿಂದ ಹುಟ್ಟಿದ ಕ್ಷುದ್ರ ದೈವಗಳನ್ನು ಬಸವಣ್ಣನವರು ಒಪ್ಪಲಿಲ್ಲ. ಬಿಜ್ಜಳನ ಭಂಡಾರದ ಹೊಣೆ ಹೊತ್ತ ಅವರಿಗೆ ರಾಜ್ಯದ ಲೆಕ್ಕವೂ ಕಾಯಕವೇ, ಹಸಿದವನಿಗೆ ಉಣಿಸುವುದೂ ಪೂಜೆಯೇ ಆಗಿತ್ತು. ದಾಸೋಹವು ಆಡಳಿತದ ಲೋಪಕ್ಕೆ ಹೊದಿಸುವ ಹೊದಿಕೆಯಾಗಬಾರದು. ಆಳುವವರಿಗೆ ಅವರ ಕರ್ತವ್ಯವನ್ನು ನೆನಪಿಸುವ ಕನ್ನಡಿಯಾಗಬೇಕು.

ಹಾಗೆಂದು ಕಷ್ಟದಲ್ಲಿ ಮೂಡಿದ ಭಕ್ತಿಯನ್ನು ಹುಸಿಯೆಂದು ಹಳಿಯುವ ಹಕ್ಕು ನಮಗಿಲ್ಲ. ಅದು ಬಾಗಿಲು, ಒಳಗೆ ಬಂದವರು ಅಲ್ಲಿಯೇ ನಿಲ್ಲಬಾರದು, ಅಷ್ಟೆ. ಮಕ್ಕಳಿಗೆ ದೇವರನ್ನು ಪರಿಚಯಿಸುವ ತಾಯಂದಿರು ಭಯವನ್ನಲ್ಲ, ಕೃತಜ್ಞತೆಯನ್ನು ಮೊದಲು ಕಲಿಸಲಿ.

ಮುಂದೊಂದು ವರ್ಷ ಮಳೆ ಚೆನ್ನಾಗಿ ಆಯಿತು, ಮಠದ ಪಂಕ್ತಿ ಕಿರಿದಾಯಿತು. ಸುಗ್ಗಿ ಮುಗಿದ ಬಳಿಕ ಆ ಮುದುಕಿ ಉಡಿಯಲ್ಲಿ ಒಂದಿಷ್ಟು ಜೋಳ ಕಟ್ಟಿಕೊಂಡು ಬಂದು, ದಾಸೋಹದ ಕಣಜಕ್ಕೆ ಸುರಿದು ಹೋದಳು. ಏನನ್ನೂ ಬೇಡಲಿಲ್ಲ. ಗುರುಗಳ ಮಾತಿನ ಅರ್ಥ ನಮಗೆ ಅಂದು ತಿಳಿಯಿತು.