ಹೆಬ್ಬಾಳದ ಮೂವತ್ತು ಎಕರೆಯಿಂದ ಬೆಳೆದ ವಿಶ್ವವಿದ್ಯಾನಿಲಯ

ಹೆಬ್ಬಾಳವೆಂದರೆ ಈಗಿನ ಬೆಂಗಳೂರಿನವರಿಗೆ ಮೇಲ್ಸೇತುವೆಯೂ ವಾಹನಗಳ ಸಂದಣಿಯೂ ನೆನಪಿಗೆ ಬರುವುವೇ ಹೊರತು ರಾಗಿಯ ಹೊಲವು ನೆನಪಿಗೆ ಬಾರದು. ಆದರೆ ನಮ್ಮ ರೈತರು ಬಿತ್ತಿ ಬೆಳೆದ ಎಷ್ಟೋ ತಳಿಗಳ ಮೂಲವನ್ನು ಹುಡುಕುತ್ತ ಹೋದರೆ ಆ ಊರಿನ ಕೆಂಪು ನೆಲಕ್ಕೇ ಬಂದು ನಿಲ್ಲಬೇಕಾಗುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬೆಳೆದು ಬಂದ ಬಗೆಯನ್ನೂ ಅಲ್ಲಿನ ವಿದ್ಯಾರ್ಥಿಜೀವನವನ್ನೂ ರೈತ ಮಹಾಶಯರು ಅರಿತಿರುವುದು ಯುಕ್ತ; ಏಕೆಂದರೆ ಆ ಸಂಸ್ಥೆಯಲ್ಲಿ ಅವರಿಗೂ ಅವರ ಮಕ್ಕಳಿಗೂ ಸಲ್ಲತಕ್ಕ ಪಾಲೊಂದುಂಟು.

1876–78ರ ಘೋರ ಕ್ಷಾಮವು ಜನರ ಮನಸ್ಸಿನಿಂದ ಇನ್ನೂ ಮಾಸದಿದ್ದ ಕಾಲವದು. 1899ರಲ್ಲಿ, ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗಕ್ಷೇತ್ರಕ್ಕಾಗಿ ದಯಪಾಲಿಸಿದರು. ಡಾ. ಲೆಹ್ಮನ್ ಎಂಬ ವಿಜ್ಞಾನಿಯು ಅಲ್ಲಿ ಕೈಗೊಂಡ ಪ್ರಶ್ನೆಯು ಪ್ರತಿಯೊಬ್ಬ ಬೇಸಾಯಗಾರನ ಪ್ರಶ್ನೆಯೇ ಆಗಿದ್ದಿತು: ಈ ಮಣ್ಣಿಗೆ ಯಾವ ಗೊಬ್ಬರವನ್ನಿತ್ತರೆ ಬೆಳೆಯು ಹೇಗೆ ಬಂದೀತು?

1908ರಲ್ಲಿ ಕೆನಡಾ ದೇಶದಿಂದ ಬಂದ ಡಾ. ಲೆಸ್ಲಿ ಕೋಲ್ಮನ್ನರ ಹೆಸರನ್ನು ಮಲೆನಾಡಿನ ತೋಟಗಾರರು ಮರೆಯಲಾರರು. ಅಡಕೆಯ ಗೊನೆಗಳನ್ನು ಮಳೆಗಾಲದಲ್ಲಿ ನೆಲಕ್ಕುದುರಿಸುತ್ತಿದ್ದ ಕೊಳೆರೋಗಕ್ಕೆ ಸೂಕ್ಷ್ಮವಾದ ಬೂಷ್ಟೇ ಕಾರಣವೆಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಅವರು ಬಳಕೆಗೆ ತಂದರು. ಆ ಪದ್ಧತಿಯು ಇಂದಿಗೂ ನಡೆದಿದೆ. 1913ರಲ್ಲಿ ಹೆಬ್ಬಾಳದಲ್ಲಿ ವಿದ್ಯಾರ್ಥಿಗಳು ಅಲ್ಲಿಯೇ ವಾಸವಾಗಿದ್ದು ಕಲಿಯುವ ವ್ಯವಸಾಯ ಶಾಲೆಯು ಸ್ಥಾಪಿತವಾಯಿತು. ಹೆಚ್.22 ಎಂಬ ರಾಗಿಯ ತಳಿಯ ಹೆಸರಿನಲ್ಲಿರುವ ‘ಹೆಚ್’ ಎಂಬುದು ಹೆಬ್ಬಾಳವೇ. 1946ರಲ್ಲಿ ಪದವಿ ಕಾಲೇಜು ಆರಂಭವಾಯಿತು.

ಇಷ್ಟಾದರೂ ಪಾಠವು ಕಾಲೇಜಿನಲ್ಲಿ, ಸಂಶೋಧನೆಯು ಇಲಾಖೆಯಲ್ಲಿ ಎಂಬ ಕೊರತೆಯಿದ್ದಿತು. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಉದ್ದೇಶದಿಂದ 1963ರ ಕಾಯಿದೆಯ ಮೇರೆಗೆ ವಿಶ್ವವಿದ್ಯಾನಿಲಯವು ರಚಿತವಾಗಿ, 1964ರ ಆಗಸ್ಟ್ 21ರಂದು ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನರಿಂದ ಉದ್ಘಾಟಿಸಲ್ಪಟ್ಟಿತು. ಡಾ. ಕೆ. ಸಿ. ನಾಯಕರು ಮೊದಲನೆಯ ಕುಲಪತಿಗಳು. 1969ರಲ್ಲಿ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಗಾಂಧಿ ಕೃಷಿ ವಿಜ್ಞಾನ ಕೇಂದ್ರವೆಂಬ ವಿಶಾಲವಾದ ಹೊಸ ಆವರಣವನ್ನು ಉದ್ಘಾಟಿಸಿದರು. 1986ರಲ್ಲಿ ಧಾರವಾಡವು ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು. ಮುಂದೆ ಬೇರೆ ಕಡೆಗಳಲ್ಲಿಯೂ ಆದುವು.

ಡಾ. ಲೆಹ್ಮನ್ನರ ಪ್ರಶ್ನೆಯು ಈ ಆವರಣದಲ್ಲಿ ಇನ್ನೂ ಮುಂದುವರಿದಿದೆಯೆಂಬುದು ಗಮನಾರ್ಹ. 1978ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಮಳೆಯಾಧಾರದ ರಾಗಿಯ ತಾಕುಗಳಿಗೆ ವರ್ಷೇ ವರ್ಷೇ ಅದೇ ಬಗೆಯ ಗೊಬ್ಬರವನ್ನು ಕೊಡುತ್ತ ಬರಲಾಗಿದೆ. ಏನನ್ನೂ ಕೊಡದ ತಾಕಿನ ಇಳುವರಿಯು ಕುಸಿಯುತ್ತದೆ; ಬರಿಯ ರಾಸಾಯನಿಕ ಗೊಬ್ಬರವನ್ನುಂಡ ನೆಲವೂ ಕಾಲಕ್ರಮದಲ್ಲಿ ದಣಿಯುತ್ತದೆ; ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಜೊತೆಗೆ ರಾಸಾಯನಿಕವನ್ನೂ ಕಂಡ ನೆಲವು ಬೆಳೆಯನ್ನು ಸ್ಥಿರವಾಗಿ ಕೊಡುತ್ತದೆ. ತನ್ನ ತುಂಡು ಭೂಮಿಯನ್ನು ದಶಕಗಳ ಕಾಲ ಗೊಬ್ಬರವಿಲ್ಲದೆ ಪರೀಕ್ಷೆಗೆ ಬಿಟ್ಟುಕೊಡಲು ಯಾವ ರೈತನಿಂದ ಸಾಧ್ಯ? ಆ ನಷ್ಟವನ್ನು ಅವನ ಪರವಾಗಿ ವಿಶ್ವವಿದ್ಯಾನಿಲಯವು ಹೊರುತ್ತಿದೆ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದುದೂ ಇಂತಹ ತಾಳ್ಮೆಯಿಂದಲೇ. ರಾಗಿಯ ಹೂವು ಅತಿ ಸಣ್ಣದು, ತನ್ನಲ್ಲಿಯೇ ಪರಾಗಸ್ಪರ್ಶ ಹೊಂದತಕ್ಕದ್ದು. ಅದನ್ನು ಸಂಕರಿಸುವುದು ಕಣ್ಣು ಬೆರಳುಗಳಿಗೆ ದೊಡ್ಡ ಶಿಕ್ಷೆ.

ವಿದ್ಯಾರ್ಥಿಗಳ ವಿಚಾರ. ಹೊಲವೂ ಅವರಿಗೆ ಪಾಠದ ಕೊಠಡಿಯೇ. ತನ್ನ ಪಾಲಿನ ತಾಕಿನಲ್ಲಿ ತಾನೇ ಬಿತ್ತಿ, ಕಳೆ ಕಿತ್ತು, ಕೊಯ್ದು, ಇಳುವರಿಯನ್ನು ತೂಗಿ ಲೆಕ್ಕ ಬರೆಯಬೇಕು. ಪಟ್ಟಣದಲ್ಲಿ ಹುಟ್ಟಿ ಕುಡುಗೋಲನ್ನೇ ಹಿಡಿಯದ ಹುಡುಗ ಹುಡುಗಿಯರು ಮೊದಲ ದಿನಗಳಲ್ಲಿ ಅಂಗೈಯ ಬೊಬ್ಬೆಗಳನ್ನು ನೋಡಿಕೊಳ್ಳುವುದುಂಟು, ಅದು ಒಳ್ಳೆಯದೇ. ಕೊನೆಯ ವರ್ಷದಲ್ಲಿ ಅವರು ಹಳ್ಳಿಗಳಲ್ಲಿ ತಂಗಿ ರೈತರೊಡನೆ ಕೆಲಸ ಕಲಿಯುವ ಏರ್ಪಾಡಿದೆ. ಬಿತ್ತನೆಯಿಂದ ಸುಗ್ಗಿಯ ಕಣದವರೆಗೆ ಒಂದು ಬೆಳೆಯನ್ನು ಪೂರ್ಣವಾಗಿ ಕಾಣುವಷ್ಟು ಕಾಲ ಅವರು ಅಲ್ಲಿರಬೇಕೆಂಬುದು ನಮ್ಮ ಅಭಿಪ್ರಾಯ. ಪದವೀಧರರಲ್ಲಿ ಅನೇಕರು ಬ್ಯಾಂಕು, ಕಚೇರಿಗಳ ನೌಕರಿಗೆ ಸೇರುವರೆಂಬ ಆಕ್ಷೇಪಣೆಯು ನಿಜವೇ ಆದರೂ, ಸಾಲದ ಅರ್ಜಿಯನ್ನು ನೋಡುವವನಿಗೆ ಮುಂಗಾರೆಂದರೇನೆಂಬುದು ತಿಳಿದಿದ್ದರೆ ರೈತನಿಗೆ ನಷ್ಟವಿಲ್ಲ.

ಪ್ರವೇಶದಲ್ಲಿ ಬೇಸಾಯಗಾರರ ಮಕ್ಕಳಿಗಾಗಿ ಸ್ಥಾನಗಳ ಒಂದು ಭಾಗವು ಮೀಸಲಿದ್ದು, ಅದನ್ನು ಬಯಸುವವರಿಗೆ ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯಿರುತ್ತದೆ. ಮಕ್ಕಳನ್ನು ಓದಿಗೆಂದು ಹೊಲದಿಂದ ಪೂರ್ತಿಯಾಗಿ ದೂರವಿಟ್ಟ ತಂದೆತಾಯಿಗಳು ಇದನ್ನು ಲಕ್ಷಿಸಬೇಕು.

ಸಾಮಾನ್ಯವಾಗಿ ನವೆಂಬರಿನಲ್ಲಿ ಜರುಗುವ ಕೃಷಿಮೇಳದ ದಿವಸಗಳಲ್ಲಿ ಆವರಣವು ರೈತರಿಂದ ತುಂಬಿರುತ್ತದೆ. ಹೋಗುವವರು ಮಳಿಗೆಗಳನ್ನು ಮಾತ್ರ ಸುತ್ತಿ ಬಾರದೆ ಬೆಳೆಯ ತಾಕುಗಳಿಗೂ ಹೋಗಿ ಅಲ್ಲಿರುವವರನ್ನು ಪ್ರಶ್ನಿಸಬೇಕು. ರೋಗ ತಗಲಿದ ಗಿಡವಿದ್ದರೆ ಬೇರುಸಹಿತ ಕಿತ್ತು, ಕಾಗದದಲ್ಲಿ ಸುತ್ತಿ, ಬಿತ್ತಿದ ದಿನವನ್ನೂ ಕೊಟ್ಟ ಗೊಬ್ಬರವನ್ನೂ ಚೀಟಿಯಲ್ಲಿ ಬರೆದು ಸಂಗಡ ಕೊಂಡೊಯ್ಯತಕ್ಕದ್ದು.