ಸರ್ವರ್ ಯಾವುದೇ ಇರಲಿ, ಬೀಗದ ಕೈ ಸಂಘದಲ್ಲಿರಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವ್ಯಾಪಾರದ ಅಂಗಳಗಳಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಕೋಕಾ ಎಂದು ವಿಂಗಡಣೆಗೊಂಡ ಅಡಿಕೆ ತೂಕವಾಗಿ, ಟೆಂಡರಿಗೆ ಬಿದ್ದು, ದರ ನಿಗದಿಯಾಗಿ, ಕೊನೆಗೆ ಬೆಳೆಗಾರನ ಖಾತೆಗೆ ಹಣವಾಗಿ ಸೇರುತ್ತದೆ. ಒಂದು ಕಾಲದಲ್ಲಿ ಈ ಲೆಕ್ಕವೆಲ್ಲ ದಪ್ಪ ರಟ್ಟಿನ ಖಾತೆ ಪುಸ್ತಕಗಳಲ್ಲಿರುತ್ತಿತ್ತು. ಆ ಪುಸ್ತಕಗಳು ಸಂಘದ ಕಪಾಟಿನಲ್ಲಿ, ಕಪಾಟಿನ ಕೀಲಿಕೈ ಕಾರ್ಯದರ್ಶಿಯ ಸೊಂಟದಲ್ಲಿ. ಇಂದು ಅದೇ ಲೆಕ್ಕ ಯಾವುದೋ ಕೋಣೆಯ ಮೂಲೆಯಲ್ಲಿ ಹಗಲಿರುಳು ಗುಂಯ್‌ಗುಡುವ ಒಂದು ಸರ್ವರ್ ಗಣಕದೊಳಗಿದೆ. ಆದರೆ ಅದರ ಕೀಲಿಕೈ ಯಾರ ಬಳಿ ಇದೆ ಎಂದು ಕೇಳಿದರೆ ಎಷ್ಟು ಸಂಘಗಳ ಆಡಳಿತ ಮಂಡಳಿಗಳು ಖಚಿತವಾಗಿ ಉತ್ತರಿಸಬಲ್ಲವು?

ಈ ಪ್ರಶ್ನೆಗೆ ಇಲ್ಲಿ ವಿಶೇಷ ತೂಕವಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹೊತ್ತಿದ ಸಹಕಾರದ ದೀಪ ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಬೇಗನೆ ಬೇರುಬಿಟ್ಟಿತು. ಶಿರಸಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1920ರಲ್ಲಿ ಹುಟ್ಟಿತು. ತೋಟಗಾರರ ಮಾರಾಟ ಸಂಘ, ಅಂದರೆ ಟಿಎಸ್ಎಸ್, 1923ರಲ್ಲಿ ಆರಂಭವಾಯಿತು. ಬೆಳೆಗಾರ ತನ್ನ ಮಾಲಿನ ತೂಕಕ್ಕೂ ದರಕ್ಕೂ ಪರರನ್ನು ನಂಬಿ ಕೂರಬಾರದು ಎಂಬುದೇ ಇಂಥ ಸಂಸ್ಥೆಗಳ ಹುಟ್ಟಿನ ಹಿಂದಿದ್ದ ವಿವೇಕ. ತಕ್ಕಡಿಯನ್ನು ಕೈಗೆ ತೆಗೆದುಕೊಂಡ ಪರಂಪರೆ, ನೂರು ವರ್ಷಗಳ ನಂತರ ಲೆಕ್ಕದ ಪುಸ್ತಕವನ್ನು ಅರಿವಿಲ್ಲದೆ ಬೇರೆಯವರ ಕೈಗೆ ಕೊಟ್ಟುಬಿಡಬಹುದೇ?

ಪ್ರಾಥಮಿಕ ಪತ್ತಿನ ಸಂಘಗಳ ಮಟ್ಟಿಗೆ ಈ ಆಯ್ಕೆಯನ್ನು ಬಹುಪಾಲು ದೆಹಲಿಯೇ ಮಾಡಿದೆ. 63 ಸಾವಿರ ಸಂಘಗಳನ್ನು ಏಕರೂಪದ ತಂತ್ರಾಂಶದಡಿ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. ಆದರೆ ಮಾರಾಟ ಸಂಘಗಳು, ಸೌಹಾರ್ದ ಸಹಕಾರಿಗಳು, ಅಡಿಕೆ ವರ್ತಕರು, ಆಸ್ಪತ್ರೆಗಳು, ವಿದ್ಯಾಸಂಸ್ಥೆಗಳು ತಮ್ಮ ಸರ್ವರನ್ನು ತಾವೇ ಆರಿಸಿಕೊಳ್ಳಬೇಕು. ಸಾಮಾನ್ಯವಾಗಿ ಆಗುವುದೇನು? ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಮೂರು ಕೊಟೇಷನ್ ತರಿಸಲಾಗುತ್ತದೆ. ಕಡಿಮೆ ಬೆಲೆಯದಕ್ಕೆ ಠರಾವು ಪಾಸಾಗುತ್ತದೆ. ಯಂತ್ರದ ಬೆಲೆಯ ಚರ್ಚೆಯಾಗುತ್ತದೆ, ಅದರೊಳಗಿನ ಆಪರೇಟಿಂಗ್ ಸಿಸ್ಟಂನದು ಆಗುವುದಿಲ್ಲ.

ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಸರ್ವರ್. ಇದನ್ನು ಕೊಳ್ಳುವುದೆಂದರೆ ಬಳಸುವ ಪರವಾನಗಿ ಪಡೆಯುವುದು. 2016ರ ಆವೃತ್ತಿಯಿಂದೀಚೆಗೆ ಪರವಾನಗಿಯ ಲೆಕ್ಕ ಪ್ರೊಸೆಸರಿನ 'ಕೋರ್'ಗಳ ಮೇಲೆ. ಒಂದು ಸರ್ವರಿಗೆ ಕನಿಷ್ಠ 16 ಕೋರ್‌ಗಳಿಗೆ ಹಣ ತೆರಬೇಕು. ಅದಕ್ಕೆ ಸಂಪರ್ಕಿಸುವ ಪ್ರತಿ ಬಳಕೆದಾರ ಅಥವಾ ಗಣಕಕ್ಕೆ ಮತ್ತೊಂದು ಪರವಾನಗಿ ಬೇಕು. ಯಲ್ಲಾಪುರದಲ್ಲಿ ಹೊಸ ಶಾಖೆ ತೆರೆದು ಹತ್ತು ಮಂದಿಯನ್ನು ಕೂರಿಸಿದರೆ ಆ ಲೆಕ್ಕ ಬೆಳೆಯುತ್ತದೆ. ಇದಕ್ಕೆ ಪ್ರತಿಯಾಗಿ ಸುಮಾರು ಹತ್ತು ವರ್ಷಗಳ ಭದ್ರತಾ ಪರಿಷ್ಕರಣೆ, ಪರಿಚಿತ ಪರದೆ, ಸಣ್ಣ ಊರಿನಲ್ಲೂ ಸಿಗುವ ರಿಪೇರಿಯವರು ದೊರೆಯುತ್ತಾರೆ. ನಮ್ಮದೇ ಬೆಂಗಳೂರಿನ ಟ್ಯಾಲಿಯಂಥ ಲೆಕ್ಕದ ತಂತ್ರಾಂಶವೂ ವಿಂಡೋಸನ್ನೇ ನೆಚ್ಚಿಕೊಂಡಿದೆ. ಇವು ತಳ್ಳಿಹಾಕುವ ಅನುಕೂಲಗಳಲ್ಲ.

ಎರಡನೆಯದು ಲಿನಕ್ಸ್. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆಯೂ, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ ತಿರುಳೂ ಕೂಡಿ ಬೆಳೆದ ವ್ಯವಸ್ಥೆಯಿದು. ಇದರ ಮೂಲ ಸಂಕೇತವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. 1993ರಲ್ಲಿ ಆರಂಭವಾದ ಡೆಬಿಯನ್ ಇಂದಿಗೂ ಸ್ವಯಂಸೇವಕರ ಸಮುದಾಯವೇ ನಡೆಸುವ ಲಿನಕ್ಸ್ ಆವೃತ್ತಿ. ರೆಡ್ ಹ್ಯಾಟ್‌ನಂಥ ಕಂಪನಿಗಳು ಲಿನಕ್ಸಿಗೆ ಬೆಂಬಲ ಸೇವೆಯನ್ನು ವಾರ್ಷಿಕ ಚಂದಾ ಪಡೆದು ನೀಡುತ್ತವೆ. ಹೀಗಾಗಿ 'ಮುಕ್ತ' ಎಂದರೆ 'ಪುಕ್ಕಟೆ' ಎಂದು ತಿಳಿಯುವುದು ಈ ವಿಷಯದಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು.

ಈ ಸೀಮೆಯ ಕೃಷಿಕನಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆಯಂತೆ ಬ್ರಿಟಿಷರ ಕಾಲದಿಂದ ಬಂದ ಸೊಪ್ಪಿನ ಬೆಟ್ಟದ ಸೌಲಭ್ಯ ಇಲ್ಲಿನದು. ಬೆಟ್ಟದ ಒಡೆತನ ಸರ್ಕಾರದ್ದು, ಸೊಪ್ಪು, ದರಕು ತರುವ ಹಕ್ಕು ತೋಟಿಗನದು. ಸೊಪ್ಪಿಗೆ ಬೆಲೆಯಿಲ್ಲ, ಆದರೆ ಕಡಿದು ತರುವ ಆಳಿಗೆ ಕೂಲಿಯಿದೆ, ಬೇಲಿಗೆ ಖರ್ಚಿದೆ. ಕಡಿಯುವುದಷ್ಟನ್ನೇ ಬಲ್ಲವನ ಬೆಟ್ಟ ಎರಡು ತಲೆಮಾರಿನಲ್ಲಿ ಬೋಳಾಗುತ್ತದೆ. ಮುಕ್ತ ತಂತ್ರಾಂಶವೂ ಹಾಗೆಯೇ. ಪರವಾನಗಿ ಶುಲ್ಕ ಉಳಿಯಿತೆಂದು ಹಿಗ್ಗಿ, ನೋಡಿಕೊಳ್ಳುವವನಿಗೆ ಸಂಬಳ ಕೊಡಲು ಹಿಂಜರಿಯುವ ಸಂಸ್ಥೆಗೆ ಲಿನಕ್ಸ್ ವಿಂಡೋಸಿಗಿಂತ ದುಬಾರಿಯಾಗಿ ಪರಿಣಮಿಸೀತು.

ಭದ್ರತೆಯ ವಿಷಯದಲ್ಲೂ ಎರಡೂ ಪಕ್ಷಗಳ ವಕೀಲರು ಅತಿಶಯೋಕ್ತಿಗೆ ಇಳಿಯುತ್ತಾರೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ 'ವನ್ನಾಕ್ರೈ' ವಿಂಡೋಸಿನ ದೋಷವೊಂದರ ಮೂಲಕ ನುಗ್ಗಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಪರಿಹಾರ ಒದಗಿಸಿತ್ತು. ಅದನ್ನು ಅಳವಡಿಸಿಕೊಳ್ಳದವರು ಪೆಟ್ಟು ತಿಂದರು. ಇನ್ನೊಂದೆಡೆ, 2024ರ ಮಾರ್ಚ್‌ನಲ್ಲಿ ಲಿನಕ್ಸಿನ 'ಎಕ್ಸ್‌ಝಡ್' ಎಂಬ ಪುಟ್ಟ ತಂತ್ರಾಂಶದೊಳಗೆ ಯಾರೋ ಹುದುಗಿಸಿದ್ದ ಕಳ್ಳಬಾಗಿಲು ಬಯಲಾಯಿತು. ಅದನ್ನು ಸೇರಿಸಿದವನು ವರ್ಷಗಟ್ಟಲೆ ಸ್ವಯಂಸೇವೆ ಮಾಡಿ ನಂಬಿಕೆ ಗಳಿಸಿದ್ದ. ಸರ್ವರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಅನುಮಾನಗೊಂಡು ಅದನ್ನು ಹಿಡಿದವರು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್. ಮೂಲ ಸಂಕೇತ ತೆರೆದಿದ್ದರಿಂದಲೇ ಅವರಿಗೆ ಅದು ಸಾಧ್ಯವಾಯಿತು ಎಂಬುದೂ ನಿಜ, ತೆರೆದಿದ್ದರೂ ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದೂ ನಿಜ.

ನಮಗೆ ಇನ್ನೂ ಹತ್ತಿರದ ಎಚ್ಚರಿಕೆ 2024ರ ಜುಲೈನದು. ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಂಸ್ಥೆಯೊಂದರ ಮೇಲೆ ರಾನ್ಸಮ್‌ವೇರ್ ದಾಳಿ ನಡೆದಾಗ, ರಾಷ್ಟ್ರೀಯ ಪಾವತಿ ನಿಗಮ ಆ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು ಮುನ್ನೂರು ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಗ್ರಾಹಕರ ಪಾವತಿಗೆ ಅಡಚಣೆಯಾಯಿತು. ತಮ್ಮದಲ್ಲದ ಬಾಗಿಲಿನಿಂದ ಬಂದ ಕಳ್ಳನಿಗೆ ತಾವು ದಂಡ ತೆತ್ತ ಪರಿಸ್ಥಿತಿ ಅವುಗಳದ್ದು.

ಬಾಳಿಕೆಯ ಭರವಸೆಯೂ ಅಷ್ಟೇ. ವಿಂಡೋಸ್ ಸರ್ವರ್ 2012ಕ್ಕೆ ಸಾಮಾನ್ಯ ಪರಿಷ್ಕರಣೆ 2023ರ ಅಕ್ಟೋಬರಿನಲ್ಲಿ ನಿಂತಿತು. ಹಳೆಯ ಲೆಕ್ಕಪತ್ರ ತಂತ್ರಾಂಶಗಳ ಬೆನ್ನೆಲುಬಾಗಿದ್ದ ವಿಷುಯಲ್ ಫಾಕ್ಸ್‌ಪ್ರೊಗೆ ಬೆಂಬಲ 2015ರಲ್ಲೇ ಕೊನೆಗೊಂಡಿತ್ತು. ಮುಕ್ತ ತಂತ್ರಾಂಶದ ಪಾಳಯದಲ್ಲೂ ಆಘಾತಗಳಿವೆ. ರೆಡ್ ಹ್ಯಾಟ್‌ನ ಉಚಿತ ಪ್ರತಿರೂಪವಾಗಿದ್ದ ಸೆಂಟ್‌ಓಎಸ್ 8ನ್ನು 2029ರವರೆಗೆ ಇರುತ್ತದೆಂದು ನಂಬಿ ಅಳವಡಿಸಿಕೊಂಡವರಿಗೆ, ಅದು 2021ರ ಅಂತ್ಯಕ್ಕೇ ನಿಲ್ಲುತ್ತದೆಂಬ ಘೋಷಣೆ 2020ರ ಡಿಸೆಂಬರಿನಲ್ಲಿ ಬಂದೆರಗಿತು. ಆದರೆ ವ್ಯತ್ಯಾಸವೂ ಅಲ್ಲಿಯೇ ಇದೆ. ಕೆಲವೇ ತಿಂಗಳಲ್ಲಿ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಪರ್ಯಾಯಗಳು ಹುಟ್ಟಿಕೊಂಡವು, ಬಳಕೆದಾರರು ಹೆಚ್ಚು ನಷ್ಟವಿಲ್ಲದೆ ಅತ್ತ ಹೊರಳಿದರು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದನ್ನು ತೆರೆದುಕೊಳ್ಳುವ ಈ ಸ್ವಾತಂತ್ರ್ಯವೇ ಮುಕ್ತ ತಂತ್ರಾಂಶದ ನಿಜವಾದ ಬೆಲೆ, ಉಳಿಯುವ ಶುಲ್ಕವಲ್ಲ.

ಆ ಸ್ವಾತಂತ್ರ್ಯವನ್ನು ಬಳಸಿಕೊಳ್ಳಲು ತಿಳಿದವರು ಬೇಕು. ನೆರೆಯ ಕೇರಳ ಇದನ್ನು ಅರಿತಿತ್ತು. ಅಲ್ಲಿನ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶಕ್ಕೆ ಹೊರಳಿದಾಗ ಮೊದಲು ಸಜ್ಜುಗೊಳಿಸಿದ್ದು ಶಿಕ್ಷಕರನ್ನು. ಇಂದು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲೇ ಕಲಿಯುತ್ತಾರೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ತಿಳಿದವರಿಗೆ ಬರವಿಲ್ಲ. ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ಸರ್ವರುಗಳನ್ನೇ ಸಾಕುತ್ತಿದ್ದಾರೆ; 2020ರ ನಂತರ ಊರಿನಿಂದಲೇ ಕೆಲಸ ಮಾಡುವವರೂ ಉಂಟು. ಒಂದೊಂದೇ ಸಂಘಕ್ಕೆ ಒಬ್ಬ ಎಂಜಿನಿಯರನ ಸಂಬಳ ಭಾರವಾದೀತು. ಮೂರು ತಾಲ್ಲೂಕಿನ ಐದಾರು ಸಂಸ್ಥೆಗಳು ಕೂಡಿ ಇಬ್ಬರನ್ನು ನೇಮಿಸಿಕೊಂಡರೆ? ಸಹಕಾರ ಸಂಘಗಳ ನಡುವೆ ಸಹಕಾರವಿರಬೇಕೆಂಬುದು ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟ ಅಂಗೀಕರಿಸಿದ ತತ್ವಗಳಲ್ಲೇ ಒಂದು.

ಹಾಗಾದರೆ ಆಡಳಿತ ಮಂಡಳಿ ಮಾಡಬೇಕಾದುದೇನು? ಕಡತ ಹಂಚಿಕೆ, ಬ್ಯಾಕಪ್, ಜಾಲತಾಣ, ದತ್ತಾಂಶದ ಉಗ್ರಾಣ – ಇವುಗಳಿಗೆ ಲಿನಕ್ಸನ್ನು ನಿಶ್ಚಿಂತೆಯಿಂದ ಆರಿಸಬಹುದು. ಸಾಂಬಾ, ಪೋಸ್ಟ್‌ಗ್ರೆಸ್‌ನಂಥ ತಂತ್ರಾಂಶಗಳು ದಶಕಗಳಿಂದ ಪಳಗಿವೆ. ವಿಂಡೋಸನ್ನೇ ಬೇಡುವ ಲೆಕ್ಕದ ತಂತ್ರಾಂಶವಿದ್ದರೆ ಅದಕ್ಕಷ್ಟೇ ವಿಂಡೋಸ್ ಇರಲಿ, ಪರವಾನಗಿ ಸಕ್ರಮವಾಗಿರಲಿ. ಹತ್ತು ವರ್ಷದ ಖರ್ಚನ್ನು ಲೆಕ್ಕ ಹಾಕದೆ, ಮೊದಲ ವರ್ಷದ ಕೊಟೇಷನ್ನಿಗೆ ಠರಾವು ಮಾಡುವುದು ಬೇಡ.

ಇವೆಲ್ಲಕ್ಕಿಂತ ಮುಖ್ಯವಾದ ಷರತ್ತುಗಳನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಸರ್ವರಿನ ಮುಖ್ಯ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿರಬೇಕು. ದತ್ತಾಂಶವನ್ನು ಯಾವ ತಂತ್ರಾಂಶಕ್ಕೂ ಒಗ್ಗುವ ರೂಪದಲ್ಲಿ, ಕೇಳಿದ ದಿನವೇ ಹಿಂದಿರುಗಿಸಬೇಕು. ಸದಸ್ಯರ ಹೆಸರು, ವಿಳಾಸಗಳು ಯೂನಿಕೋಡ್ ಕನ್ನಡದಲ್ಲೇ ಇರಬೇಕು; ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳು ಬೇರೆ ಗಣಕದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುವುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಮಳೆಗಾಲದ ಸಿಡಿಲು, ವಿದ್ಯುತ್ ವ್ಯತ್ಯಯಗಳ ಈ ಸೀಮೆಯಲ್ಲಿ ಒಂದು ಪ್ರತಿ ಶಿರಸಿಯಲ್ಲಿದ್ದರೆ ಇನ್ನೊಂದು ಸಿದ್ದಾಪುರದಲ್ಲೋ ಯಲ್ಲಾಪುರದಲ್ಲೋ ಇರಲಿ. ಕೊನೆಕೊಯ್ಲಿನ ಹಂಗಾಮಿಗೆ ಮುನ್ನ ಆ ಪ್ರತಿಯಿಂದ ಇಡೀ ಲೆಕ್ಕವನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸಿ ನೋಡುವ ಪರಿಪಾಠವಿರಲಿ. ಎಬ್ಬಿಸಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟೆಂದು ಕೇಳುವ ಸದಸ್ಯರು ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ನಾಳೆ ಈ ತಂತ್ರಾಂಶದ ಕಂಪನಿ ಬಾಗಿಲು ಹಾಕಿದರೆ ನನ್ನ ಖಾತೆಯ ಲೆಕ್ಕವನ್ನು ನೀವು ಎಷ್ಟು ದಿನದಲ್ಲಿ ತೋರಿಸಬಲ್ಲಿರಿ? ಇದಕ್ಕೆ ಉತ್ತರವಿರುವ ಸಂಸ್ಥೆ ವಿಂಡೋಸ್ ಬಳಸಿದರೂ ಸುರಕ್ಷಿತ. ಇಲ್ಲದ ಸಂಸ್ಥೆ ಲಿನಕ್ಸ್ ಬಳಸಿದರೂ ಅಪಾಯದಲ್ಲಿದೆ.