ಹಿಂಡಿಯಿಂದ ಪ್ಲಾಸ್ಟಿಕ್

ಕಾದ ಹಾಲಿಗೆ ನಾಲ್ಕು ಹನಿ ನಿಂಬೆಯ ರಸ ಬಿದ್ದರೆ ಗಟ್ಟಿ ಬೇರೆ, ನೀರು ಬೇರೆಯಾಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಆ ಗಟ್ಟಿಯನ್ನು ಒತ್ತಿ ಕೆಲವು ದಿನ ಒಣಗಲು ಬಿಟ್ಟರೆ ಅದು ಕೊಂಬಿನಂತೆ ಬಿರುಸಾಗುವುದು. ಅದರ ಮುಖ್ಯ ದ್ರವ್ಯವು ಕೇಸಿನ್ ಎಂಬ ಪ್ರೋಟೀನು. 1897ರಲ್ಲಿ ಜರ್ಮನಿಯಲ್ಲಿ ಕ್ರಿಷೆ, ಸ್ಪಿಟೆಲರ್ ಎಂಬಿಬ್ಬರು ಇದನ್ನು ಫಾರ್ಮಾಲಿನ್ನಿನಲ್ಲಿ ನೆನೆಯಿಟ್ಟು ಗಡುಸುಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ‘ಗ್ಯಾಲಲಿತ್’, ಎಂದರೆ ಹಾಲುಗಲ್ಲು, ಎಂದು ಅದಕ್ಕೆ ಹೆಸರಾಯಿತು. ಅಂಗಿಯ ಗುಂಡಿ, ಬಾಚಣಿಗೆ, ಲೇಖನಿ ಮೊದಲಾದುವು ಅದರಿಂದ ಆದುವು. 1941ರಲ್ಲಿ ಅಮೆರಿಕದ ಹೆನ್ರಿ ಫೋರ್ಡನು ಸೋಯಾ ಮುಂತಾದ ಬೆಳೆಗಳಿಂದ ತಯಾರಾದುದೆಂದು ಹೇಳಲಾದ ಪ್ಲಾಸ್ಟಿಕ್ ಹಲಗೆಗಳುಳ್ಳ ಮೋಟಾರನ್ನೇ ಜನರ ಮುಂದಿರಿಸಿದನು. ಯುದ್ಧಾನಂತರ ಕಲ್ಲೆಣ್ಣೆಯ ಪ್ಲಾಸ್ಟಿಕ್ ಅಗ್ಗವಾಗಿ ದೊರೆಯತೊಡಗಲು, ಪ್ರೋಟೀನಿನ ಪ್ಲಾಸ್ಟಿಕ್ ಮೂಲೆಗೆ ಸೇರಿತು.

ಆ ಅಗ್ಗದ ಪದಾರ್ಥವು ಕೊಳೆಯದು; ಚರಂಡಿಯನ್ನು ಕಟ್ಟುವುದು, ದನದ ಹೊಟ್ಟೆಯನ್ನು ಸೇರುವುದು. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಆದರೆ ಅದರ ಸ್ಥಾನಕ್ಕೆ ಯಾವುದು ಬರಬೇಕೆಂಬುದು ಆಜ್ಞೆಯಿಂದ ತೀರುವ ಮಾತಲ್ಲ. ಆದುದರಿಂದಲೇ ವಿಜ್ಞಾನಿಗಳು ಮೂಲೆಗೆ ಸೇರಿದ ಪ್ರೋಟೀನನ್ನು ಪುನಃ ಕೈಗೆತ್ತಿಕೊಂಡಿರುವರು.

ಎಣ್ಣೆ ತೆಗೆದ ಬಳಿಕ ಉಳಿಯುವ ಹಿಂಡಿಯಲ್ಲಿ ಪ್ರೋಟೀನು ಹೇರಳವಾಗಿದೆ. ಪಾಶ್ಚಾತ್ಯ ಲೇಖಕರು ಇದನ್ನು ಕೃಷಿಯ ಕಸವೆಂದು ಎಣಿಸಿದರೆ ನನಗೆ ಸ್ವಲ್ಪ ನಗು ಬರುತ್ತದೆ. ಕಡಲೆಕಾಯಿ ಹಿಂಡಿ ನಮ್ಮ ಹಸುವಿನ ಆಹಾರ. ಅದರ ಬಾಯಿಂದ ಕಿತ್ತು ಚೀಲ ಹೊಲಿಯುವುದು ಯಾವ ಜಾಣತನ? ಹರಳಿನ ಹಿಂಡಿಯ ಮಾತು ಬೇರೆ. ಅದರಲ್ಲಿ ವಿಷವಿರುವುದರಿಂದ ದನಕ್ಕೆ ಸಲ್ಲದು, ಗೊಬ್ಬರಕ್ಕೆ ಮಾತ್ರ ಸಲ್ಲುವುದು. ಕೋಳಿಯ ಪುಕ್ಕವೂ ಬಹುಪಾಲು ಪ್ರೋಟೀನೇ.

ಪ್ರೋಟೀನಿನ ಎಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಕಾಯಿಸಿ ಬಿಡಿಸಿ ಹಾಳೆಯಾಗಿ ಒತ್ತಿದರೆ, ಒಣಗಿದ ಮೇಲೆ ಹಪ್ಪಳದಂತೆ ಮುರಿಯುವುದು. ಮುರಿಯದಿರಲೆಂದು ಗ್ಲಿಸರಿನ್ ಬೆರೆಸಿದರೆ ಎಳೆಗಳು ಒಂದರ ಮೇಲೊಂದು ಜಾರಿ ಹಾಳೆ ಬಾಗುವುದು. ಬಾಗುವಷ್ಟೇ ಬೇಗ ಹರಿಯುವುದು. ತೇವ ತಗಲಿದರಂತೂ ಮೆತ್ತಗಾಗುವುದು. ಹಿಂದಿನವರು ಇದಕ್ಕೆ ಫಾರ್ಮಾಲಿನ್ನಿನ ಮೊರೆಹೊಕ್ಕರು. ಅದು ವಿಷಪದಾರ್ಥ, ಅನ್ನದ ಡಬ್ಬಿಗೆ ಅದನ್ನು ಯಾರು ಒಪ್ಪಿಯಾರು?

ಈಗಿನ ಉಪಾಯ ಮಣ್ಣಿನದು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಮಣ್ಣಿನಲ್ಲಿ ಚಿರೋಟಿಯಂತೆ ಪದರ ಪದರವಾಗಿ ಎಸಳುಗಳಿವೆ. ಒಂದೊಂದರ ದಪ್ಪ ಸುಮಾರು 1 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಈ ಎಸಳುಗಳು ಬಿಡಿಬಿಡಿಯಾಗಿ ಪ್ರೋಟೀನಿನಲ್ಲಿ ಹರಡಿಕೊಂಡರೆ ಎಳೆಗಳು ಅವನ್ನು ಕಚ್ಚಿ ಹಿಡಿಯುತ್ತವೆ, ಜಾರುವುದು ತಪ್ಪುತ್ತದೆ. ಆವಿಯೂ ನೇರವಾಗಿ ನುಸುಳಲಾರದೆ ಎಸಳುಗಳನ್ನು ಸುತ್ತಿ ಬಳಸಿ ಹೋಗಬೇಕಾಗುವುದು. ನೂರಕ್ಕೆ ನಾಲ್ಕೈದು ಪಾಲು ಮಣ್ಣಿನಿಂದಲೇ ಗುಣ ಕಾಣಬಹುದು. ಆದರೆ ಬೆರಕೆಯಲ್ಲಿಯೇ ಕಷ್ಟವಿರುವುದು. ಮುದ್ದೆಯನ್ನು ತಿರುವುವಾಗ ಕೈ ಸೋತರೆ ಹಿಟ್ಟು ಗಂಟಾಗುವಂತೆ, ಮಣ್ಣೂ ಗಂಟುಕಟ್ಟುವುದು. ಗಂಟಿದ್ದೆಡೆಯಲ್ಲಿಯೇ ಹಾಳೆ ಹರಿಯುವುದು.

ಹುಲ್ಲು, ಕಬ್ಬಿನ ಸಿಪ್ಪೆಗಳಿಂದ ತೆಗೆದ ನ್ಯಾನೋ ಗಾತ್ರದ ಸೆಲ್ಯುಲೋಸ್ ನಾರನ್ನು ಬೆರೆಸುವವರೂ ಉಂಟು. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದ ನಮ್ಮ ಹಿರಿಯರಿಗೆ ಈ ಯುಕ್ತಿ ಹೊಸದೆನಿಸದು.

ಇಷ್ಟೆಲ್ಲ ಮಾಡಿದರೂ ನೀರಿನ ಭಯ ಪೂರ್ತಿಯಾಗಿ ನೀಗಿಲ್ಲ. ನೀರು ಒಳಹೊಕ್ಕರೆ ವಸ್ತು ಸೊರಗುವುದು, ಒಳಹೊಗದಿದ್ದರೆ ಕೊಳೆಯದು. ಹಾಗಾಗಿ ಮಜ್ಜಿಗೆ ತುಂಬುವ ಚೀಲಕ್ಕಿಂತ, ಕೊಳೆಯಲೆಂದೇ ಮಾಡುವ ವಸ್ತುಗಳಿಗೆ ಇದು ಮೊದಲು ಒದಗೀತೆಂದು ನನಗೆ ತೋರುತ್ತದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಸಸಿಗಳ ಕುಂಡಗಳನ್ನು ಸೋಯಾ ಪ್ರೋಟೀನಿನಿಂದ ಮಾಡಿ ನೋಡಿರುವರು. ಬರಿಯ ಸೋಯಾ ಬಹುಬೇಗ ಕರಗಿದುದರಿಂದ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕನ್ನು ಅದಕ್ಕೆ ಬೆರೆಸಿದರು. ಕುಂಡದ ಪ್ರೋಟೀನಿನಲ್ಲಿರುವ ಸಾರಜನಕವು ಮೆಲ್ಲನೆ ಬಿಟ್ಟುಬಂದು ಅದರಲ್ಲಿ ನೆಟ್ಟ ಸಸಿಗೇ ಗೊಬ್ಬರವಾಯಿತು.